ಲಿಂಕ್ಡ್‌ಇನ್‌ನಲ್ಲಿ ಕೆಲಸ ಕೇಳುವ ಮೊದಲು

ಕರಾವಳಿಯಿಂದ ಮುಂಬೈಗೆ ಬಂದು, ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿಶಾಲೆಯಲ್ಲಿ ಓದಿ, ಬ್ಯಾಂಕು ಕಚೇರಿಗಳನ್ನು ಸೇರಿದ ಹಿಂದಿನ ತಲೆಮಾರಿನವರನ್ನು ಕೇಳಿದರೆ, ಆ ಮೊದಲ ನೌಕರಿಯ ಹಿಂದೆ ಊರಿನವರೊಬ್ಬರ ಮಾತು ಇದ್ದದ್ದು ತಿಳಿಯುತ್ತದೆ. ‘ಹುಡುಗ ಗುರ್ತದವನು, ಲೆಕ್ಕದಲ್ಲಿ ಚುರುಕು’ ಎಂದು ಬೇರೆಯವರು ಹೇಳುತ್ತಿದ್ದುದನ್ನು ಈಗ ನಮ್ಮ ಬಗ್ಗೆ ನಾವೇ ಬರೆದುಕೊಳ್ಳಬೇಕಾಗಿದೆ. 2003ರಲ್ಲಿ ಆರಂಭವಾಗಿ 2016ರಲ್ಲಿ ಮೈಕ್ರೋಸಾಫ್ಟ್ ಪಾಲಾದ ಲಿಂಕ್ಡ್‌ಇನ್ ಎಂಬ ವೃತ್ತಿಪರರ ಜಾಲತಾಣದಲ್ಲಿ ಉದ್ಯೋಗದ ಜಾಹೀರಾತುಗಳೂ ಇವೆ. ಆದರೆ ಅದರ ನಿಜವಾದ ಉಪಯೋಗ ಹುದ್ದೆಯನ್ನು ಹುಡುಕುವುದಕ್ಕಿಂತ ಆ ಹುದ್ದೆಯ ಆಸುಪಾಸಿನಲ್ಲಿರುವ ಜನರನ್ನು ಹುಡುಕುವುದರಲ್ಲಿದೆ.

ಮೊದಲ ಕೆಲಸ, ಹೆಸರಿನ ಕೆಳಗಿನ ಸಾಲು, ಅಂದರೆ ಹೆಡ್‌ಲೈನ್. ಅದಕ್ಕೆ 220 ಅಕ್ಷರಗಳ ಜಾಗವಿದೆ. ಡೊಂಬಿವಲಿಯ ನಮ್ಮ ಕಟ್ಟಡದ ಬಿ.ಕಾಂ. ಪದವೀಧರನೊಬ್ಬ ಅಲ್ಲಿ ‘ಹೊಸ ಅವಕಾಶಗಳ ಹುಡುಕಾಟದಲ್ಲಿ’ ಎಂದಷ್ಟೇ ಬರೆದುಕೊಂಡಿದ್ದ. ಕಂಪನಿಗಳಿಗೆ ಜನರನ್ನು ಹುಡುಕಿಕೊಡುವ ರೆಕ್ರೂಟರ್‌ಗಳು ‘ಜಿಎಸ್‌ಟಿ’, ‘ಟ್ಯಾಲಿ’ (ಲೆಕ್ಕಪತ್ರದ ಸಾಫ್ಟ್‌ವೇರ್) ಎಂಬಂಥ ಪದಗಳನ್ನು ಹಾಕಿ ಹುಡುಕುತ್ತಾರೆಯೇ ಹೊರತು ‘ಅವಕಾಶ’ ಎಂಬ ಪದವನ್ನಲ್ಲ. ಇಬ್ಬರೂ ಕುಳಿತು ಆ ಸಾಲನ್ನು ‘ಅಕೌಂಟೆಂಟ್, ಜಿಎಸ್‌ಟಿ ರಿಟರ್ನ್, ಟ್ಯಾಲಿ; ಠಾಣೆಯ ಮೂರು ಹೋಟೆಲುಗಳ ಲೆಕ್ಕಪತ್ರ, ನಾಲ್ಕು ವರ್ಷ’ ಎಂದು ತಿದ್ದಿದೆವು. ಹೋಟೆಲಿನ ಮಾತು ಬೇಡವೆಂದು ಅವನು ಬಹಳ ಹಿಂಜರಿದ. ನನ್ನ ಪ್ರಕಾರ ಆ ಸಾಲಿನಲ್ಲಿ ತೂಕವಿದ್ದದ್ದೇ ಅದಕ್ಕೆ. ಭಾಷೆಗಳ ವಿಭಾಗದಲ್ಲಿ ಇಂಗ್ಲಿಷನ್ನು ಮಾತ್ರ ನಮೂದಿಸಿ ಕನ್ನಡ, ತುಳು, ಮರಾಠಿಗಳನ್ನು ಬಿಟ್ಟುಬಿಡುವುದೂ ಇಂಥದೇ ಸಂಕೋಚ. ಮಂಗಳೂರು, ಹುಬ್ಬಳ್ಳಿಗಳಲ್ಲಿ ವ್ಯವಹಾರವಿರುವ ಮುಂಬೈ ಕಂಪನಿಗೆ ಬೇಕಾಗುವುದು ಆ ಭಾಷೆಗಳೇ ಆಗಿರಬಹುದು. ಫೋಟೊ ಸ್ಪಷ್ಟವಾಗಿದ್ದರೆ ಸಾಕು, ಕೋಟು ಬೇಕಿಲ್ಲ.

ಎರಡನೆಯದು, ಯಾರ ಸಂಪರ್ಕ ಬೆಳೆಸಬೇಕು ಎಂಬುದು. ಹೊಸ ಕೆಲಸದ ಸುದ್ದಿ ಆಪ್ತರಿಗಿಂತ ದೂರದ ಪರಿಚಯಸ್ಥರಿಂದಲೇ ಹೆಚ್ಚಾಗಿ ಬರುತ್ತದೆ ಎಂಬ ವಾದವನ್ನು ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರನೋವೆಟರ್ 1973ರಲ್ಲಿ ಮುಂದಿಟ್ಟರು. ಸುಮಾರು 2 ಕೋಟಿ ಲಿಂಕ್ಡ್‌ಇನ್ ಬಳಕೆದಾರರನ್ನು ಒಳಗೊಂಡು 2022ರಲ್ಲಿ ಪ್ರಕಟವಾದ ಅಧ್ಯಯನವೂ ತೀರ ಅಪರಿಚಿತರೂ ಅಲ್ಲದ, ತೀರ ಹತ್ತಿರದವರೂ ಅಲ್ಲದ ನಡುವಣ ಪರಿಚಯಗಳೇ ಕೆಲಸ ಬದಲಿಸಲು ಹೆಚ್ಚು ನೆರವಾಗುತ್ತವೆಂದು ತೋರಿಸಿತು. ಇದರ ಕಾರಣ ಸರಳ: ನಮ್ಮ ಜೊತೆ ದಿನವೂ ಲೋಕಲ್ ಹತ್ತುವ ಗೆಳೆಯನಿಗೆ ಗೊತ್ತಿರುವುದು ಬಹುಪಾಲು ನಮಗೂ ಗೊತ್ತಿರುತ್ತದೆ. ಆದ್ದರಿಂದ ನೀವು ಓದಿದ ಕಾಲೇಜಿನ ಪುಟಕ್ಕೆ ಹೋಗಿ, ಹಳೆಯ ವಿದ್ಯಾರ್ಥಿಗಳ ವಿಭಾಗವನ್ನು ತೆರೆದು, ಊರು ಮತ್ತು ಕಂಪನಿಯ ಪ್ರಕಾರ ಪಟ್ಟಿಯನ್ನು ಸೋಸಿ. ಉಡುಪಿಯಲ್ಲಿ ಓದಿ ಅಂಧೇರಿಯಲ್ಲೋ ಐರೋಲಿಯಲ್ಲೋ ಕೆಲಸ ಮಾಡುತ್ತಿರುವವರು ಅಲ್ಲಿ ಸಿಗುತ್ತಾರೆ.

ಮೂರನೆಯದು ಸಂದೇಶ, ಬಹಳ ಜನ ಎಡವುವುದು ಇಲ್ಲಿಯೇ. ಉಚಿತ ಖಾತೆಯಲ್ಲಿ ತಿಂಗಳಿಗೆ ಕೆಲವೇ ಸಂಪರ್ಕ-ಆಹ್ವಾನಗಳ ಜೊತೆ ಟಿಪ್ಪಣಿ ಕಳಿಸಬಹುದಾದ್ದರಿಂದ ಅದನ್ನು ಜೋಪಾನವಾಗಿ ಬಳಸಬೇಕು. ‘ದಯವಿಟ್ಟು ಕೆಲಸ ಕೊಡಿಸಿ’ ಎಂದು ಬರೆದರೆ ಓದಿದವರಿಗೆ ಉಳಿಯುವುದು ಮುಜುಗರವೊಂದೇ. ನಮ್ಮ ಹುಡುಗ ಬರೆದದ್ದು ಹೀಗೆ: ‘ನಮಸ್ಕಾರ ಸರ್. ನಾನೂ ನಿಮ್ಮ ಕಾಲೇಜಿನವನು, ಹೋಟೆಲುಗಳ ಲೆಕ್ಕಪತ್ರ ನೋಡುತ್ತೇನೆ. ಕಂಪನಿಯ ಅಕೌಂಟ್ಸ್ ವಿಭಾಗಕ್ಕೆ ಬರಬೇಕಾದರೆ ಮೊದಲು ಏನು ಕಲಿಯಬೇಕು?’ ಎರಡು ಸಾಲಿನಲ್ಲಿ ಉತ್ತರಿಸಬಹುದಾದ ಪ್ರಶ್ನೆಗೆ ಉತ್ತರ ಬರುವ ಸಂಭವ ಹೆಚ್ಚು.

ಈಗಿನ ಕೆಲಸದಲ್ಲಿದ್ದುಕೊಂಡೇ ಹುಡುಕುವವರು ‘ಓಪನ್ ಟು ವರ್ಕ್’ (ಹೊಸ ಕೆಲಸಕ್ಕೆ ಸಿದ್ಧ) ಎಂಬ ಆಯ್ಕೆಯನ್ನು ರೆಕ್ರೂಟರ್‌ಗಳಿಗೆ ಮಾತ್ರ ಕಾಣುವಂತೆ ಇಟ್ಟುಕೊಳ್ಳಬಹುದು. ಹಾಗಿಟ್ಟರೂ ಅದು ಪೂರ್ತಿ ಗುಟ್ಟಾಗಿಯೇ ಉಳಿಯುತ್ತದೆಂಬ ಭರವಸೆಯನ್ನು ಸಂಸ್ಥೆಯೇ ಕೊಡುವುದಿಲ್ಲ. ನೀವು ಯಾರ ಪ್ರೊಫೈಲ್ ನೋಡಿದಿರಿ ಎಂಬುದು ಅವರಿಗೆ ತಿಳಿಯಬಹುದು ಎಂಬುದನ್ನೂ ಮರೆಯಬೇಡಿ. ಬೇಡವಾದರೆ ಸೆಟ್ಟಿಂಗ್ಸ್‌ನಲ್ಲಿ ಪ್ರೈವೇಟ್ ಮೋಡ್ ಇದೆ. ನೋಂದಣಿ ಶುಲ್ಕ, ಲ್ಯಾಪ್‌ಟಾಪ್ ಠೇವಣಿ ಎಂದು ಹಣ ಕೇಳುವವರು, ಸಂದರ್ಶನಕ್ಕೂ ಮೊದಲೇ ಆಧಾರ್ ಮತ್ತು ಪ್ಯಾನ್ ಪ್ರತಿ ಬೇಡುವವರು ಎದುರಾದರೆ ಮಾತನ್ನು ಅಲ್ಲಿಗೇ ನಿಲ್ಲಿಸಿ. ಹಣ ಹೋಗಿಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಅದು ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ.

ಕೊನೆಯ ಹೆಜ್ಜೆ ಎರಡನೆಯ ಸಂದೇಶ. ನಮ್ಮ ಹುಡುಗನ ಪ್ರಶ್ನೆಗೆ ಹನ್ನೊಂದು ದಿನಗಳ ಮೇಲೆ ‘ಎಕ್ಸೆಲ್ ಗಟ್ಟಿ ಮಾಡಿಕೊಳ್ಳಿ, ಟಿಡಿಎಸ್ ಕಲಿಯಿರಿ’ ಎಂಬ ಒಂದೇ ಸಾಲಿನ ಉತ್ತರ ಬಂತು. ಧನ್ಯವಾದ ಹೇಳಿ ಸುಮ್ಮನಾಗದೆ, ಎರಡು ತಿಂಗಳ ನಂತರ, ತಾನು ಏನು ಕಲಿತೆ, ಎಲ್ಲಿ ತೊಡಕಾಯಿತು ಎಂದು ಅವನು ಅವರಿಗೆ ಮತ್ತೆ ಬರೆದ. ಅವರು ರೆಸ್ಯೂಮೆ ಕಳಿಸಲು ಹೇಳಿದ್ದು ಆಗ.