ಹೊಳೆ ಇಳಿದಾಗ ಆನೆಗೊಂದಿ ದಂಡೆಯ ಹಳೆ ಕಲ್ಲುಗಳನ್ನು ನೋಡೋದು ಹೇಗೆ

ಹಂಪಿ ನೋಡೋಕೆ ಎಲ್ಲರೂ ಚಳಿಗಾಲದಲ್ಲೇ ಬರುತ್ತಾರೆ. ನೀರಲ್ಲಿ ಮುಳುಗಿ ಏಳುವ ಕಲ್ಲುಗಳನ್ನು ನೋಡಬೇಕಾದರೆ ಮಾತ್ರ ಮಾರ್ಚ್‌ನಿಂದ ಮೇ ಒಳಗೆ ತುಂಗಭದ್ರಾ ಹೊಳೆಯ ನಮ್ಮ ದಂಡೆಗೆ, ಗಂಗಾವತಿ ತಾಲ್ಲೂಕಿನ ಆನೆಗೊಂದಿಗೆ ಬನ್ನಿ. ಹೊತ್ತು ಹುಟ್ಟುವಾಗಲೇ ಹೊರಡಿ. ಓರೆ ಬಿಸಿಲಲ್ಲಿ ಸವೆದ ಕೆತ್ತನೆಯೂ ಕಾಣುತ್ತದೆ. ಹನ್ನೊಂದರ ಮೇಲೆ ಬಂಡೆ ಸುಡುತ್ತದೆ, ಏನೂ ಕಾಣಲ್ಲ.

ಮೊದಲು ಹರಿಗೋಲು ನಡೆಸುವವರನ್ನು ಕೇಳಿ: ಡ್ಯಾಮಿನಿಂದ ನೀರು ಬಿಟ್ಟಿದ್ದಾರಾ ಅಂತ. ಬಿಟ್ಟಿದ್ದರೆ ಹೊಳೆಗೆ ಇಳಿಯಲೇಬೇಡಿ. ಮೊಸಳೆಗಳೂ ಇವೆ. ಈ ಹೊಳೆಯ ಒಂದು ಭಾಗ 2015ರಿಂದ ನೀರುನಾಯಿಗಳ ಸಂರಕ್ಷಿತ ಪ್ರದೇಶ, ಹಾಗಾಗಿ ಗಲಾಟೆ ಬೇಡ.

ಅರವತ್ನಾಲ್ಕು ಕಂಬದ ಮಂಟಪದಿಂದ ಶುರು ಮಾಡಿ. ಕೃಷ್ಣದೇವರಾಯನ ಸಮಾಧಿ ಅಂತ ಊರಲ್ಲಿ ಹೇಳುತ್ತಾರೆ. ಪ್ರವಾಹ ಬಂದರೆ ಪೂರಾ ಮುಳುಗುತ್ತದೆ. ಕಂಬಗಳ ಸಂದಿಯಲ್ಲಿ ಸಿಕ್ಕಿಕೊಂಡ ಕಸಕಡ್ಡಿ ನೋಡಿ, ನೀರು ಎಲ್ಲಿವರೆಗೆ ಏರಿತ್ತು ಅಂತ ಗೊತ್ತಾಗುತ್ತದೆ. ಆಮೇಲೆ ವಿಠ್ಠಲ ದೇವಸ್ಥಾನದ ಕಡೆ ಹೊಳೆಯಲ್ಲಿ ನಿಂತ ಕಲ್ಲುಕಂಬಗಳ ಸಾಲು ಹುಡುಕಿ. ಅದು ವಿಜಯನಗರ ಕಾಲದ ಸೇತುವೆ. ಕಾಂಕ್ರೀಟ್ ಕಂಡರೆ ಗೊಂದಲ ಬೇಡ, ಅದು 2009ರಲ್ಲಿ ಕುಸಿದ ಹೊಸ ಸೇತುವೆಯದು.

ನನಗೆ ಜಾಸ್ತಿ ಇಷ್ಟ ಬಂಡೆಗಳ ಮೇಲಿನ ಗುಣಿಗಳು. ಇಲ್ಲಿ ಎರಡು ಥರ ಇವೆ, ಬೆರಳಿಟ್ಟು ನೋಡಿ. ದುಂಡಗೆ, ಒಳಗೆ ನುಣ್ಣಗೆ ಇದ್ದರೆ ಹೊಳೆಯೇ ಕೊರೆದದ್ದು. ಸುಳಿಗೆ ಸಿಕ್ಕ ಕಲ್ಲು ಅಲ್ಲೇ ತಿರುಗಿ ತಿರುಗಿ ಬಂಡೆಯನ್ನು ಉಜ್ಜಿರುತ್ತದೆ. ಕೆಲವು ಸಲ ಆ ಗುಂಡುಕಲ್ಲು ತಳದಲ್ಲೇ ಇರುತ್ತದೆ. ಒಂದೇ ಅಳತೆಯ ಉದ್ದನೆ ಗುಣಿಗಳು ಸಾಲಾಗಿ ಇದ್ದರೆ ಅದು ಕಲ್ಲುಕುಟಿಗರ ಕೆಲಸ. ಗುಣಿ ಹೊಡೆದು, ಬೆಣೆ ಬಡಿದು ಬಂಡೆ ಸೀಳುತ್ತಿದ್ದರು. ಸೀಳಿದ ಅಂಚಲ್ಲಿ ಅರ್ಧರ್ಧ ಗುಣಿ ಉಳಿದಿರುತ್ತದೆ. ಇನ್ನರ್ಧ ಆ ಕಲ್ಲಿನ ಜೊತೆ ಯಾವುದೋ ಗುಡಿಗೋ ಕೋಟೆಗೋ ಹೋಗಿದೆ!

ಅಕ್ಷರ ಕಂಡರೆ ಸುಣ್ಣ, ಚಾಕ್‌ಪೀಸ್, ಎಣ್ಣೆ ಹಚ್ಚಬೇಡಿ. ದಯವಿಟ್ಟು. ಪಕ್ಕದಿಂದ ಟಾರ್ಚ್ ಬಿಟ್ಟರೆ ಸಾಕು, ಅಕ್ಷರ ಎದ್ದು ಕಾಣುತ್ತವೆ.

ಕೆತ್ತನೆಯ ತುಂಡು ಸಿಕ್ಕರೆ ಎತ್ತಬೇಡಿ, ತೊಳೆಯಬೇಡಿ. ಅದು ಎಲ್ಲಿ, ಯಾವ ಕಡೆ ಮುಖ ಮಾಡಿ ಬಿದ್ದಿದೆ ಅನ್ನೋದೇ ಅದರ ಅರ್ಧ ಕಥೆ, ಅಲ್ವಾ? ಪಕ್ಕದಲ್ಲಿ ಪೆನ್ ಇಟ್ಟು ಒಂದು ಫೋಟೊ, ಸುತ್ತಲಿನ ಬಂಡೆ, ಮರ ಕಾಣುವ ಹಾಗೆ ಇನ್ನೊಂದು ತೆಗೆಯಿರಿ. ಫೋನಿನಲ್ಲಿ ಲೊಕೇಶನ್ ಉಳಿಸಿಕೊಳ್ಳಿ. ಆವತ್ತೇ ಆನೆಗೊಂದಿ ಪಂಚಾಯಿತಿಗೋ ಕಮಲಾಪುರದ ಪುರಾತತ್ವ ವಸ್ತುಸಂಗ್ರಹಾಲಯಕ್ಕೋ ಹೋಗಿ ತೋರಿಸಿ.