ತರಗತಿಯ ಗಾಳಿ ಹೊರಗೆ ಎಳೆಯಬೇಡಿ, ಒಳಗೆ ತಳ್ಳಿ: ನನ್ನ ಅನುಭವ

ಒಂದು ಪ್ರೌಢಶಾಲೆಯ ತರಗತಿಗೆ ಎಕ್ಸಾಸ್ಟ್ ಫ್ಯಾನನ್ನು ತಿರುಗಿಸಿ ಕೂರಿಸ್ತೀನಿ, ಹೊರಗಿನ ಗಾಳಿಯನ್ನು ಸೋಸಿ ಒಳಗೆ ತಳ್ತೀನಿ ಅಂದಾಗ ಒಬ್ಬರೂ ಹೂಂ ಅನ್ನಲಿಲ್ಲ. ಹೆಡ್‌ಮಾಸ್ಟರು, "ಏನ್ರೀ, ಧೂಳು ಹೊರಗಡೆ ಇರೋದು, ಅದನ್ನೇ ಫ್ಯಾನ್ ಹಾಕಿ ಒಳಗೆ ಕರೀತೀರಲ್ಲ" ಅಂದರು. ಬೆಂಗಳೂರಿಂದ ಬಂದಿದ್ದ ಏಸಿ ಕಂಟ್ರಾಕ್ಟರ್ ಅಂತೂ ನಕ್ಕೇ ಬಿಟ್ಟ. ಈಗ ಮಾಲೂರು ತಾಲ್ಲೂಕಿನ ಆ ಪ್ರೌಢಶಾಲೆಯಲ್ಲಿ ನಾಲ್ಕು ಕೊಠಡಿಗಳು ಎರಡನೇ ವರ್ಷ ಇದರಲ್ಲೇ ನಡೀತಿವೆ. ಕೋಲಾರ, ಬಂಗಾರಪೇಟೆ ಕಡೆಯಿಂದಲೂ ಫೋನ್ ಬರುತ್ತಿವೆ. ಎಲ್ಲರಿಗೂ ಬೇರೆ ಬೇರೆ ಹೇಳುವ ಬದಲು ಇಲ್ಲಿ ಬರೆಯುತ್ತಿದ್ದೇನೆ. ವೈರಿಂಗ್, ವೆಲ್ಡಿಂಗ್ ಗೊತ್ತಿರುವವರಿಗೆ ಬರೆದದ್ದು, ಹಾಗಾಗಿ ಸಣ್ಣಪುಟ್ಟದ್ದನ್ನು ಬಿಡಿಸಿ ಹೇಳಲ್ಲ.

ಶಾಲೆ ರಸ್ತೆ ಪಕ್ಕದಲ್ಲೇ ಇದೆ. ಹಗಲೆಲ್ಲ ಜಲ್ಲಿ ಲಾರಿ, ಎಂ‑ಸ್ಯಾಂಡ್ (ಕಲ್ಲು ಪುಡಿಮಾಡಿದ ಮರಳು) ಲಾರಿ. ಸ್ವಲ್ಪ ದೂರದಲ್ಲಿ ಇಟ್ಟಿಗೆ ಗೂಡುಗಳು. ಚಳಿಗಾಲದಲ್ಲಿ ಗೂಡಿನ ಹೊಗೆ ಮೇಲೇಳದೆ ಬೆಳಗಿನ ಪ್ರೇಯರ್ ಹೊತ್ತಿಗೆ ಶಾಲೆ ಮೇಲೆಯೇ ಕೂತಿರುತ್ತದೆ. ಅದಕ್ಕೆ ಕಿಟಕಿ ಮುಚ್ಚುತ್ತಾರೆ. ಮುಚ್ಚಿದರೆ 45 ಮಕ್ಕಳ ಉಸಿರು ಒಳಗೇ ಸುತ್ತುತ್ತದೆ. ಎರಡನೇ ಪೀರಿಯಡ್ ಮುಗಿಯುವ ಹೊತ್ತಿಗೆ ಸಿಓಟೂ, ಅಂದರೆ ಉಸಿರಲ್ಲಿ ಹೊರಬರುವ ಇಂಗಾಲದ ಡೈಆಕ್ಸೈಡ್, 2,800 ಪಿಪಿಎಂ (ಹತ್ತು ಲಕ್ಷದಲ್ಲಿ ಇಷ್ಟು ಪಾಲು) ದಾಟುತ್ತಿತ್ತು. ಹೊರಗೆ ಇರುವುದು 420, 430. ಕಿಟಕಿ ತೆರೆದರೆ ಸಿಓಟೂ ಇಳಿಯುತ್ತದೆ, ಆದರೆ ಪಿಎಂ 2.5, ಅಂದರೆ ಶ್ವಾಸಕೋಶದ ಆಳಕ್ಕೆ ಹೋಗುವ ಅತಿ ಸಣ್ಣ ಧೂಳು, ಘನ ಮೀಟರ್ ಗಾಳಿಗೆ ನೂರು ಮೈಕ್ರೋಗ್ರಾಂ ಮೇಲೆ ಹೋಗುತ್ತದೆ. ನಮ್ಮ ದೇಶದ ಮಿತಿ 24 ಗಂಟೆಯ ಸರಾಸರಿಗೆ 60. ವಿಶ್ವ ಆರೋಗ್ಯ ಸಂಸ್ಥೆ (ಡಬ್ಲ್ಯುಎಚ್‌ಒ) 2021ರಲ್ಲಿ 15 ಅಂತ ಹೇಳಿದೆ. ಮಕ್ಕಳು ದಿನಕ್ಕೆ ಆರು ಗಂಟೆ ಇದೇ ಗಾಳಿ ಎಳೆದುಕೊಳ್ಳಬೇಕು. ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿ ಇನ್‌ಹೇಲರ್ ಇಲ್ಲದೆ ಶಾಲೆಗೇ ಬರುತ್ತಿರಲಿಲ್ಲ. ಇದನ್ನು ನೋಡಿಕೊಂಡು ಸುಮ್ನೆ ಇರೋಕೆ ನನಗೆ ಆಗಲಿಲ್ಲ.

ಮೊದಲು ಮೀಟರ್ ವಿಷಯ. ಆನ್‌ಲೈನ್‌ನಲ್ಲಿ ಸಾವಿರ, ಒಂದೂವರೆ ಸಾವಿರಕ್ಕೆ ಸಿಗುವ ಬಹಳಷ್ಟು ಸಿಓಟೂ ಮೀಟರ್‌ಗಳಲ್ಲಿ ಸಿಓಟೂ ಸೆನ್ಸರೇ ಇರಲ್ಲ. ಬೇರೆ ಅನಿಲಗಳನ್ನು ನೋಡಿ ಅಂದಾಜಿನ ನಂಬರ್ ತೋರಿಸುತ್ತವೆ. ಪರೀಕ್ಷೆ ಸುಲಭ. ಪಕ್ಕದಲ್ಲಿ ಕೈಗೆ ಸ್ಯಾನಿಟೈಸರ್ ಹಚ್ಚಿಕೊಳ್ಳಿ. ನಂಬರ್ ಧಿಡೀರ್ ಅಂತ ಮೇಲೆ ಹಾರಿದರೆ ಅದು ಕೆಲಸಕ್ಕೆ ಬಾರದ್ದು. ಇನ್‌ಫ್ರಾರೆಡ್ ಬೆಳಕಿನಿಂದ ಸಿಓಟೂವನ್ನೇ ಅಳೆಯುವ ಎನ್‌ಡಿಐಆರ್ ಸೆನ್ಸರ್ ಇರುವುದನ್ನೇ ತಗೊಳ್ಳಿ. ನನ್ನದಕ್ಕೆ ಏಳು ಸಾವಿರದ ಹತ್ತಿರ ಆಯಿತು. ಇವುಗಳಲ್ಲಿ ತುಂಬಾ ಮೀಟರ್‌ಗಳು ಒಂದು ವಾರದಲ್ಲಿ ಕಂಡ ಅತಿ ಕಡಿಮೆ ನಂಬರನ್ನೇ ಹೊರಗಿನ ಗಾಳಿ ಅಂದುಕೊಂಡು ತಮ್ಮನ್ನು ತಾವೇ ಸರಿಮಾಡಿಕೊಳ್ಳುತ್ತವೆ. ಅದಕ್ಕೆ ವಾರಕ್ಕೊಮ್ಮೆ ಬಯಲಲ್ಲಿ ಅರ್ಧ ಗಂಟೆ ಇಡಿ. ಧೂಳಿನ ಮೀಟರ್ ಡಿಸೆಂಬರ್ ಮಂಜಿನಲ್ಲಿ ಜಾಸ್ತಿ ತೋರಿಸುತ್ತದೆ, ನೀರಿನ ಹನಿಯನ್ನೂ ಧೂಳು ಅಂತ ಎಣಿಸುತ್ತದೆ. ಮಂಜು ಕರಗಿದ ಮೇಲಿನ ರೀಡಿಂಗನ್ನೇ ನಂಬಿ.

ನಾನು ಹೋಗುವ ಮುಂಚೆಯೇ ಆ ಶಾಲೆಗೆ ಒಂದು ಕಂಪನಿ ಏರ್ ಪ್ಯೂರಿಫೈಯರ್ ದಾನ ಕೊಟ್ಟಿತ್ತು. ಒಂದಕ್ಕೆ ಹದಿನೈದು ಸಾವಿರ ಇರಬಹುದು. ವರ್ಷ ಆಗುವ ಮೊದಲೇ ಫಿಲ್ಟರ್ ಕಟ್ಟಿಕೊಂಡಿತು. ಹೊಸದಕ್ಕೆ ಮೂರು ಸಾವಿರ, ಕೊಡುವವರಿಲ್ಲ. ಪ್ಯೂರಿಫೈಯರ್‌ಗಳೆಲ್ಲ ಸ್ಟೋರ್ ರೂಮ್ ಸೇರಿದವು. ಅವು ಓಡುತ್ತಿದ್ದಾಗಲೂ ಸಿಓಟೂ ಒಂದು ಚೂರೂ ಇಳಿದಿರಲಿಲ್ಲ. ಇಳಿಯುವುದೂ ಇಲ್ಲ, ಒಳಗಿನ ಗಾಳಿಯನ್ನೇ ಮತ್ತೆ ಮತ್ತೆ ಸೋಸುವ ಯಂತ್ರ ಅದು. 2020ರಲ್ಲಿ ಅಮೆರಿಕದ ರಿಚರ್ಡ್ ಕೊರ್ಸಿ, ಜಿಮ್ ರೋಸೆಂಥಾಲ್ ಫಿಲ್ಟರ್‌ಗಳನ್ನು ಟೇಪ್ ಹಾಕಿ ಜೋಡಿಸಿ ಫ್ಯಾನ್ ಕೂರಿಸಿದ ಡಬ್ಬಿ ನಿಮಗೆ ಗೊತ್ತಿರುತ್ತದೆ. ಅದನ್ನೂ ಮಾಡಿ ನೋಡಿದೆ. ಧೂಳು ಅರ್ಧಕ್ಕಿಂತ ಕೆಳಗೆ ಬಂತು, ಅಗ್ಗಕ್ಕೆ ಬಹಳ ಒಳ್ಳೆಯ ಸಾಮಾನು. ಆದರೆ ಉಸಿರಿನ ಸಮಸ್ಯೆ ಹಾಗೇ ಉಳಿಯಿತು.

ಆಮೇಲೆ ಎಲ್ಲರೂ ಮಾಡುವ ಎಕ್ಸಾಸ್ಟ್. ಶಾಲೆಯವರೇ ಹಿಂದೆ ಎರಡು ಕೊಠಡಿಗೆ ಹಾಕಿಸಿದ್ದರು. ಸಿಓಟೂ ಚೆನ್ನಾಗಿ ಇಳಿಯಿತು. ಆದರೆ ಒಳಗಿನಿಂದ ಎಷ್ಟು ಗಾಳಿ ಎಳೆದರೆ ಅಷ್ಟು ಗಾಳಿ ಎಲ್ಲಿಂದಲೋ ಒಳಗೆ ಬರಲೇಬೇಕಲ್ವಾ? ಅದು ರಸ್ತೆ ಕಡೆಯ ಕಿಟಕಿ ಸಂದು, ಬಾಗಿಲ ಕೆಳಗಿನ ಸಂದು, ಹೆಂಚಿನ ಸಂದಿನಿಂದ ಬಂತು. ಡೆಸ್ಕಿನ ಮೇಲೆ ಮಧ್ಯಾಹ್ನಕ್ಕೆಲ್ಲ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳು. ಅಲ್ಲಿಯೇ ನನಗೆ ಹೊಳೆದದ್ದು: ಗಾಳಿ ಒಂದೇ ಕಡೆಯಿಂದ ಬರಲಿ, ಆ ಕಡೆ ಫಿಲ್ಟರ್ ಇರಲಿ, ಉಳಿದ ಸಂದುಗಳಿಂದೆಲ್ಲ ಗಾಳಿ ಹೊರಗೆ ಹೋಗಲಿ. ಒಳಗೆ ಸ್ವಲ್ಪ ಒತ್ತಡ ಜಾಸ್ತಿ ಇದ್ದರೆ ರಸ್ತೆ ಧೂಳಿಗೆ ಒಳಗೆ ಬರಲು ದಾರಿಯೇ ಇರಲ್ಲ. ಆಪರೇಷನ್ ಥಿಯೇಟರ್‌ನಲ್ಲಿ ಮಾಡುವುದೂ ಇದನ್ನೇ.

ಲೆಕ್ಕ ಹೀಗೆ. ಒಂದು ಮಗುವಿಗೆ 15 ಸಿಎಫ್‌ಎಂ (ನಿಮಿಷಕ್ಕೆ ಇಷ್ಟು ಘನ ಅಡಿ) ಹೊಸ ಗಾಳಿ ಕೊಟ್ಟರೆ ಸಿಓಟೂ ಸಾವಿರದ ಆಸುಪಾಸಿನಲ್ಲಿ ನಿಲ್ಲುತ್ತದೆ. 45 ಮಕ್ಕಳಿಗೆ 675. ಸುಮಾರು 700 ಅಂತ ಇಟ್ಟುಕೊಂಡೆ.

12 ಇಂಚಿನ, 1,400 ಆರ್‌ಪಿಎಂ ಫ್ಯಾನ್ ಹಾಕಿದಾಗ ಗಾಳಿ ಬಂತು, ಆದರೆ ಮೇಷ್ಟ್ರ ಪಾಠ ಹಿಂದಿನ ಬೆಂಚಿಗೆ ಕೇಳಿಸಲಿಲ್ಲ. ಗಣಿತದ ಮೇಡಂ ಎರಡೇ ದಿನಕ್ಕೆ ಸ್ವಿಚ್ ಆಫ್ ಮಾಡಿದರು, ಅವರದು ತಪ್ಪಲ್ಲ. 15 ಇಂಚಿನ 900 ಆರ್‌ಪಿಎಂ ಫ್ಯಾನಿಗೆ ಬಂದರೆ ಶಬ್ದ ಹೋಯಿತು, ಜೊತೆಗೆ ಗಾಳಿಯೂ ಹೋಯಿತು. ಎಕ್ಸಾಸ್ಟ್ ಫ್ಯಾನಿಗೆ ಎದುರೊತ್ತಡ ಆಗಿಬರಲ್ಲ. ತೆಳು ಫಿಲ್ಟರ್ ಎದುರಿಗೆ ಬಂದರೆ ರೆಕ್ಕೆ ತಿರುಗುತ್ತಲೇ ಇರುತ್ತದೆ, ಗಾಳಿ ಮಾತ್ರ ಮುಂದೆ ಹೋಗಲ್ಲ. ಒತ್ತಡ ಕೊಟ್ಟು ಗಾಳಿ ತಳ್ಳುವ ಬ್ಲೋವರ್ ಹಾಕೋಣ ಅಂದರೆ ದುಡ್ಡು ಮೂರು ಪಟ್ಟು, ಶಬ್ದ ಮತ್ತೆ ಶುರು.

ಇಲ್ಲಿ ಕೆಲಸ ಕೂಡಿಬಂದದ್ದು ದೊಡ್ಡ ಏಸಿಗಳಿಗೆ ಹಾಕುವ ಬಾಕ್ಸ್ ಫಿಲ್ಟರ್‌ನಿಂದ. 24 ಇಂಚು ಅಗಲ, 24 ಉದ್ದ, 12 ಇಂಚು ಆಳ. ಒಳಗೆ ಮಡಿಕೆ ಮಡಿಕೆಯಾಗಿ ತುಂಬಾ ಬಟ್ಟೆ ಇರುತ್ತದೆ. ಇದನ್ನು ಸುಮಾರು 2,000 ಸಿಎಫ್‌ಎಂಗೆ ಅಂತ ಮಾಡಿರುತ್ತಾರೆ. ನಾವು 700ಕ್ಕೆ ಓಡಿಸುತ್ತೇವೆ. ಗಾಳಿ ಅದರಲ್ಲಿ ನಿಧಾನವಾಗಿ ದಾಟುವುದರಿಂದ ಎದುರೊತ್ತಡ ಬಹಳ ಕಮ್ಮಿ. ನಿಧಾನದ ಫ್ಯಾನ್ ಸಾಕಾಯಿತು, ಶಬ್ದವೂ ಇಲ್ಲ. ಫಿಲ್ಟರ್ ಎಷ್ಟು ಸೋಸುತ್ತದೆ ಅನ್ನುವ ಮರ್ವ್ ಅಳತೆಯಲ್ಲಿ 13ರ ದರ್ಜೆ ತಗೊಳ್ಳಿ, ಅದಕ್ಕಿಂತ ಬಹಳ ನುಣ್ಣಗೆ ಸೋಸುವ ಹೆಪಾಗೆ ಹೋಗಬೇಡಿ. ಹೆಪಾ ಹಾಕಿದರೆ ಮತ್ತೆ ಬ್ಲೋವರ್ ಬೇಕಾಗುತ್ತದೆ.

ಖರ್ಚು ನೆನಪಿನಿಂದ ಹೇಳುತ್ತೇನೆ. ಫ್ಯಾನ್ ಮೂರೂವರೆ ಸಾವಿರ. ಬಾಕ್ಸ್ ಫಿಲ್ಟರ್ ಬೆಂಗಳೂರಿನ ಪೀಣ್ಯದಲ್ಲಿ ಎರಡೂವರೆಯಿಂದ ಮೂರು ಸಾವಿರ. ಒಂದೇ ತಗೊಂಡರೆ ಜಾಸ್ತಿ ಹೇಳ್ತಾರೆ, ನಾಲ್ಕೈದು ಸೇರಿಸಿ ತನ್ನಿ. ಮುಂದೆ ಹಾಕುವ ತೊಳೆಯುವ ಜಾಲರಿ ಫಿಲ್ಟರ್ ಐನೂರರ ಒಳಗೆ. ಜಿಐ ಶೀಟ್ ಪೆಟ್ಟಿಗೆ, ಆ್ಯಂಗಲ್, ಮಳೆ ತಡೆಯುವ ಮುಚ್ಚಳ ಸೇರಿ ಎರಡು ಸಾವಿರ. ನನ್ನ ಕೂಲಿ ಬಿಟ್ಟು ಕೊಠಡಿಗೆ ಎಂಟೂವರೆ, ಒಂಬತ್ತು ಸಾವಿರ. ಏಸಿ ಕಂಟ್ರಾಕ್ಟರ್ ಕೊಟ್ಟಿದ್ದ ಎಸ್ಟಿಮೇಟ್ ಕೊಠಡಿಗೆ ಎಂಬತ್ತು ಸಾವಿರದ ಮೇಲಿತ್ತು. ಕರೆಂಟು ನೂರು ವ್ಯಾಟ್ ಒಳಗೆ, ತಿಂಗಳಿಗೆ ಹದಿನೈದು ಯೂನಿಟ್ ದಾಟಲ್ಲ. ಮೊದಲ ಕೊಠಡಿಗೆ ಶಾಲಾಭಿವೃದ್ಧಿ ಸಮಿತಿಯಲ್ಲಿ (ಎಸ್‌ಡಿಎಂಸಿ) ದುಡ್ಡು ಇರಲಿಲ್ಲ, ನಾನೇ ಹಾಕಿದೆ. ರೀಡಿಂಗ್ ನೋಡಿದ ಮೇಲೆ ಹಳೆಯ ವಿದ್ಯಾರ್ಥಿಗಳು ಉಳಿದ ಮೂರಕ್ಕೆ ಕೊಟ್ಟರು.

ಗಾಳಿ ಎಳೆಯುವ ಬಾಯಿ ರಸ್ತೆಯ ಹಿಂಬದಿಗೆ ಇರಬೇಕು, ಎಂಟು ಅಡಿ ಎತ್ತರದಲ್ಲಿ. ಶೌಚಾಲಯದ ಕಡೆ ಬೇಡ, ಬಿಸಿಯೂಟದ ಅಡುಗೆಮನೆ ಕಡೆ ಬೇಡವೇ ಬೇಡ. ಹೊರಗೆ ಹೋಗಲು ಎದುರು ಗೋಡೆಯ ವೆಂಟಿಲೇಟರ್ ಸಾಕು, ಒಂದೂವರೆ ಚದರ ಅಡಿಯಷ್ಟು ತೆರೆದಿರಲಿ. ಅದಕ್ಕಿಂತ ಕಮ್ಮಿಯಾದರೆ ಫ್ಯಾನ್ ಉಸಿರು ಕಟ್ಟುತ್ತದೆ. ತುಂಬಾ ದೊಡ್ಡದಾದರೆ ಗಾಳಿ ಬೀಸಿದಾಗ ಧೂಳು ಅಲ್ಲಿಂದ ಹಿಂದಕ್ಕೆ ಬರುತ್ತದೆ. ಎಷ್ಟು ಸರಿ ಅಂತ ನೋಡಲು ಊದುಬತ್ತಿ ಹಚ್ಚಿ ಬಾಗಿಲ ಸಂದಿಗೆ ಹಿಡಿಯಿರಿ. ಹೊಗೆ ಹೊರಗೆ ಹೋಗಬೇಕು. ಪ್ರತಿ ಕಿಟಕಿ ಸಂದಿಗೂ ಹಿಡಿದು ನೋಡಿ. ಹೆಡ್‌ಮಾಸ್ಟರನ್ನು ಒಪ್ಪಿಸಿದ್ದು ಮೀಟರ್ ಅಲ್ಲ, ಈ ಊದುಬತ್ತಿಯೇ. ಲಾರಿ ಹೋಗುತ್ತಿರುವಾಗಲೂ ಹೊಗೆ ರಸ್ತೆ ಕಡೆಗೇ ಹೋಗುವುದನ್ನು ಅವರು ಬಗ್ಗಿ ನೋಡಿದರು. "ಸರಿ, ಹತ್ತನೇ ಕ್ಲಾಸಿಗೂ ಹಾಕಿ" ಅಂದರು.

ಫಿಲ್ಟರ್ ಮತ್ತು ಪೆಟ್ಟಿಗೆ ಮಧ್ಯದ ಸಂದು ಮುಚ್ಚುವುದರಲ್ಲೇ ಹೆಚ್ಚಿನವರು ಸೋಲುತ್ತಾರೆ. ಬೆರಳು ಹೋಗುವಷ್ಟು ಸಂದು ಇದ್ದರೂ ಗಾಳಿ ಫಿಲ್ಟರ್ ಬಿಟ್ಟು ಅಲ್ಲಿಂದಲೇ ನುಗ್ಗುತ್ತದೆ. ನಾನು ಯಾವ ರಬ್ಬರ್ ಬಳಸುತ್ತೇನೆ, ಹೇಗೆ ಬಿಗಿಯುತ್ತೇನೆ ಅನ್ನುವುದನ್ನು ಇಲ್ಲಿ ಬರೆಯಲ್ಲ. ಅದನ್ನು ಕಂಡುಕೊಳ್ಳೋಕೆ ಒಂದು ಮಳೆಗಾಲ ಹಿಡಿದಿದೆ, ಅದು ನನ್ನ ಅನ್ನದ ದಾರಿ. ನೇರ ಬಂದವರಿಗೆ ಕೆಲಸ ಮಾಡಿ ತೋರಿಸುತ್ತೇನೆ. ಫ್ಯಾನಿನ ವೇಗ ಬೇಸಿಗೆಗೆ ಒಂದು, ಚಳಿಗೆ ಒಂದು ಇಡುವ ಒಂದು ಉಪಾಯವೂ ಇದೆ, ಅದೂ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಒಂದು ನಷ್ಟದ ಕಥೆ. ಶಾಲೆಯ ಅಟೆಂಡರ್ ಬಹಳ ಅಚ್ಚುಕಟ್ಟಿನ ಮನುಷ್ಯ. ಜಾಲರಿ ತೊಳೆಯುವಾಗ ಬಾಕ್ಸ್ ಫಿಲ್ಟರನ್ನೂ ನಲ್ಲಿ ಕೆಳಗೆ ಹಿಡಿದು ತೊಳೆದಿಟ್ಟರು. ನೋಡಲು ಹೊಸದರ ಹಾಗೇ ಕಂಡಿತು. ಆದರೆ ಪಿಎಂ ಎರಡು ಪಟ್ಟಾಯಿತು. ಈ ಬಟ್ಟೆಗೆ ಸ್ಥಿರವಿದ್ಯುತ್ ಹಿಡಿದಿರುತ್ತದೆ, ಸಣ್ಣ ಕಣಗಳು ಅಂಟಿಕೊಳ್ಳುವುದು ಅದರಿಂದಲೇ. ನೀರು ತಾಗಿದರೆ ಅದು ಹೋಯಿತು. ಮೂರು ಸಾವಿರ ಮಣ್ಣುಪಾಲು. ಈಗ ಪ್ರತಿ ಪೆಟ್ಟಿಗೆ ಮೇಲೂ ಕೆಂಪು ಬಣ್ಣದಲ್ಲಿ "ತೊಳೆಯಬಾರದು" ಅಂತ ಬರೆದಿದ್ದೇನೆ. ಜಾಲರಿಯನ್ನು ಹದಿನೈದು ದಿನಕ್ಕೊಮ್ಮೆ ತೊಳೆಯಲಿ, ಬಾಕ್ಸ್ ಫಿಲ್ಟರನ್ನು ಜೂನ್‌ನಲ್ಲಿ ಶಾಲೆ ಶುರುವಾದಾಗ ಬದಲಿಸಲಿ.

ನಡುನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಒದ್ದೆ ಗೋಣಿತಾಟು ಕಿಟಕಿಗೆ ಕಟ್ಟುವುದು ನಮ್ಮ ಕಡೆಯ ಹಳೆಯ ಪದ್ಧತಿ. ತಂಪಾಗುತ್ತದೆ, ದಪ್ಪ ಧೂಳು ನಿಲ್ಲುತ್ತದೆ. ಹೊಗೆ ನಿಲ್ಲಲ್ಲ, ವಾರದೊಳಗೆ ಬೂಷ್ಟು ವಾಸನೆ. ಗಿಡ ಇಟ್ಟರೆ ಗಾಳಿ ಶುದ್ಧವಾಗುತ್ತೆ ಅಂತ ಮಕ್ಕಳು ಮನಿ ಪ್ಲಾಂಟ್ ತಂದಿಟ್ಟರು. ಮೀಟರ್‌ನಲ್ಲಿ ಏನೂ ಬದಲಾಗಲಿಲ್ಲ. ಈ ಮಾತಿಗೆ ಆಧಾರವಾಗಿ ಹೇಳುವ 1989ರ ನಾಸಾ ಪ್ರಯೋಗ ಮುಚ್ಚಿದ ಪೆಟ್ಟಿಗೆಯೊಳಗೆ ಮಾಡಿದ್ದು, ತರಗತಿಗೆ ಅದು ಹೊಂದಲ್ಲ. ಗಿಡ ಚೆಂದಕ್ಕೆ ಇರಲಿ. ನಿಜವಾಗಿ ಉಪಯೋಗ ಆದದ್ದು ಕಸ ಗುಡಿಸುವ ಹೊತ್ತು ಬದಲಿಸಿದ್ದು. ಬೆಳಿಗ್ಗೆ ಪ್ರೇಯರ್‌ಗೆ ಮುಂಚೆ ಒಣ ಪೊರಕೆಯಲ್ಲಿ ಗುಡಿಸಿದರೆ ಮೊದಲ ಪೀರಿಯಡ್ ಪೂರ್ತಿ ಆ ಧೂಳು ಗಾಳಿಯಲ್ಲೇ ಇರುತ್ತದೆ. ಸಂಜೆ ಶಾಲೆ ಬಿಟ್ಟ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ ಅಂದೆ. ಒಂದು ಪೈಸೆ ಖರ್ಚಿಲ್ಲ. ಬೋರ್ಡಿನ ಡಸ್ಟರನ್ನೂ ಒದ್ದೆ ಮಾಡಿಸಿದೆ.

ಈಗ ಕೊನೆಯ ಪೀರಿಯಡ್‌ನಲ್ಲೂ ಸಿಓಟೂ 900, ಸಾವಿರದ ಹತ್ತಿರ ಇರುತ್ತದೆ. ಹೊರಗೆ ಪಿಎಂ 110 ಇದ್ದ ಬೆಳಿಗ್ಗೆ ಒಳಗೆ 30ರ ಆಸುಪಾಸು. ಆ ಹುಡುಗಿ ಈಗ ಹತ್ತನೇ ಕ್ಲಾಸು. ಇನ್‌ಹೇಲರ್ ಬ್ಯಾಗಿನಲ್ಲೇ ಇದೆ, ಶಾಲೆಯಲ್ಲಿ ತೆಗೆಯುವುದು ಅಪರೂಪ ಅಂತ ಅವರಮ್ಮ ಹೇಳಿದರು. ನನಗೆ ಸಿಕ್ಕ ಕೂಲಿಗಳಲ್ಲಿ ಇದೇ ದೊಡ್ಡದು.

ಕೆಜಿಎಫ್ (ಕೋಲಾರದ ಚಿನ್ನದ ಗಣಿ) ಕಡೆಯ ಮೇಷ್ಟ್ರೊಬ್ಬರು ತಮ್ಮ ಶಾಲೆಗೂ ಇದು ಆಗುತ್ತಾ ಅಂತ ಕೇಳಿದ್ದಾರೆ. ಗಣಿ 2001ರಲ್ಲಿ ಮುಚ್ಚಿದರೂ ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ರಾಶಿಗಳಾದ ಸಯನೈಡ್ ದಿಬ್ಬಗಳ ಧೂಳು ಆಷಾಢದ ಗಾಳಿಗೆ ಇನ್ನೂ ಏಳುತ್ತದೆ. ಆ ಧೂಳು ದಪ್ಪ, ಅಲ್ಲಿ ಜಾಲರಿ ಎರಡು ಪದರ ಬೇಕು, ವಾರಕ್ಕೆರಡು ಸಲ ತೊಳೆಯಬೇಕು. ಛಾವಣಿಗೆ ಶೀಟ್ ಹಾಕಿದ ಕೊಠಡಿಗಳಿಗೆ ಮಾತ್ರ ಈ ಫ್ಯಾನ್ ಈಗಲೇ ಹಾಕಬೇಡಿ. ಗೋಡೆಗೂ ಶೀಟಿಗೂ ನಡುವೆ ಅರ್ಧ ಅಡಿ ಸಂದು ಇರುತ್ತದೆ, ಒಳಗೆ ಒತ್ತಡವೇ ನಿಲ್ಲಲ್ಲ. ಮೊದಲು ಸಂದು ಮುಚ್ಚಿಸಿ, ಊದುಬತ್ತಿ ಹಿಡಿದು ನೋಡಿ, ಆಮೇಲೆ ಫಿಲ್ಟರಿಗೆ ದುಡ್ಡು ಹಾಕಿ.