ಯಾರ ಮನೆಗೆ ಹೋಯಿತು?

ಮೊದಲ ವರ್ಷ ನನ್ನ ಕೈಯಲ್ಲಿ ಸತ್ತ ಒಂದು ಬೆಕ್ಕಿನ ಮರಿಯ ಬಣ್ಣ ನನಗೆ ನೆನಪಿಲ್ಲ. ಬೂದು ಇತ್ತೋ, ಕಂದು ಇತ್ತೋ, ಎಷ್ಟು ಯೋಚಿಸಿದರೂ ಕಣ್ಣಿಗೆ ಬರುವುದಿಲ್ಲ. ಲಾಲ್ ಬಹಾದ್ದೂರ್ ಶಾಸ್ತ್ರಿ ಮಾರ್ಕೆಟ್ಟಿನಲ್ಲಿ ತರಕಾರಿ ಬುಟ್ಟಿಗಳ ಹಿಂದೆ ಸಿಕ್ಕಿತ್ತು. ಬಹಳ ಸೊರಗಿತ್ತು. ಹಾಗಾಗಿ ‘ಉಳಿದರೆ ಹೆಸರಿಡೋಣ’ ಅಂದುಕೊಂಡೆ. ಫೋಟೋ ಕೂಡ ತೆಗೆಯಲಿಲ್ಲ. ನಾಲ್ಕನೇ ದಿನ ಬೆಳಿಗ್ಗೆ ಎದ್ದು ನೋಡಿದರೆ ತಣ್ಣಗಾಗಿತ್ತು.

ಮನೆ ಸಿಕ್ಕ ಬೆಕ್ಕನ್ನು ಆ ಮನೆಯವರು ನೆನೆಯುತ್ತಾರೆ. ಇಂಥಲ್ಲಿ ಮಲಗುತ್ತಿತ್ತು, ಇಂಥದ್ದು ತಿನ್ನುತ್ತಿತ್ತು ಅಂತ ಹತ್ತು ವರ್ಷ ಆದಮೇಲೂ ಹೇಳುತ್ತಾರೆ. ಈ ಮರಿಯನ್ನು ನೋಡಿದವಳು ನಾನು, ಮತ್ತು ಅವ್ವ. ಇಬ್ಬರೇ. ಇಬ್ಬರೂ ಮರೆತೆವು. ಅದು ಬಹಳ ದಿನ ನನ್ನನ್ನು ಸುಡುತ್ತಿತ್ತು.

ವಿಜಯಪುರದ ಜೋರಾಪುರ ಪೇಟೆಯಲ್ಲಿ ನಮ್ಮ ಮನೆ. ಎಂಟು ವರ್ಷದಿಂದ ತಾಯಿ ಇಲ್ಲದ ಬೆಕ್ಕಿನ ಮರಿಗಳನ್ನು ತಂದು, ಬೆಳೆಸಿ, ಸಾಕುವವರಿಗೆ ಕೊಡುತ್ತೇನೆ. ಇಲ್ಲಿಯತನಕ 71 ಮರಿ ಬಂದಿವೆ. 19 ಮರಿ ಮನೆ ಸಿಗುವ ಮೊದಲೇ ಹೋದವು. ಆ 19ನ್ನು ನಾನು ಹೇಗೆ ಇಟ್ಟುಕೊಂಡಿದ್ದೇನೆ ಅನ್ನುವುದನ್ನು ಬರೆಯುತ್ತೇನೆ. ಇದೇ ಕೆಲಸ ಮಾಡುವವರು ಯಾರಾದರೂ ರಾತ್ರಿ ಒಬ್ಬರೇ ಕೂತು ಅಳುತ್ತಿದ್ದರೆ ಅವರಿಗೆ ಬೇಕಾಗಬಹುದು.

ಮೊದಲು ಮಾಡಿದ್ದು ಹೆಸರಿನ ಕೆಲಸ. ಈಗ ಮರಿ ಹೊಸ್ತಿಲು ದಾಟಿದ ದಿನವೇ ಹೆಸರು. ಒಂದು ಗಂಟೆ ಉಳಿಯುತ್ತದೋ ಇಲ್ಲವೋ ಅನ್ನುವಂತಿದ್ದರೂ ಹೆಸರು. ನಮ್ಮ ಕಡೆಯ ಕಾಳುಕಡಿಯ ಹೆಸರೇ ಜಾಸ್ತಿ. ಕಪ್ಪು ಮರಿಗೆ ಗುರೆಳ್ಳು. ಕೇಸರಿ ಬಣ್ಣದ್ದಕ್ಕೆ ಕುಸುಬಿ. ಮಾಸಲು ಕೆಂಪಿನ ಅಣ್ಣತಮ್ಮಂದಿರಿಬ್ಬರಿಗೆ ಶೇಂಗಾ ಮತ್ತು ಪುಟಾಣಿ.

ಆಮೇಲೆ ನೋಟ್‌ಬುಕ್. ಸುಮ್ನೆ 200 ಪುಟದ ಗೆರೆ ಹಾಕಿದ ನೋಟ್‌ಬುಕ್. ಬಂದ ದಿನ, ಸಿಕ್ಕ ಜಾಗ, ತಂದುಕೊಟ್ಟವರು, ತೂಕ. ಅಡುಗೆಮನೆಯ ತಕ್ಕಡಿಯ ಮೇಲೆ ಡಬ್ಬಿ ಇಟ್ಟು ದಿನಾ ತೂಗುತ್ತೇನೆ. ಹುಟ್ಟಿದ ಮರಿ ಸುಮಾರು 100 ಗ್ರಾಂ ಇರುತ್ತದೆ, ದಿನಕ್ಕೆ 10ರಿಂದ 15 ಗ್ರಾಂ ಏರಬೇಕು. ಏರದಿದ್ದರೆ ಏನೋ ಸರಿಯಿಲ್ಲ ಅಂತ ಮುಂಚೆಯೇ ಗೊತ್ತಾಗುತ್ತದೆ. ತೂಕದ ಪಕ್ಕ ದಿನಕ್ಕೊಂದು ಸಾಲು ಬರೆಯುತ್ತೇನೆ. ‘ಇವತ್ತು ಬಾಲ ಹಿಡಿಯಲು ಹೋಗಿ ಬಿದ್ದ.’ ‘ಕುಕ್ಕರ್ ಸೀಟಿಗೆ ಹೆದರಲಿಲ್ಲ.’ ಮರಿ ಹೋದಮೇಲೆ ಈ ಸಾಲುಗಳೇ ಉಳಿಯುತ್ತವೆ. ಗುರೆಳ್ಳು ನಮ್ಮ ಮನೆಯಲ್ಲಿದ್ದದ್ದು ಆರೇ ದಿನ. ಅವನದು ಆರು ಸಾಲು. ಬಾಟಲಿಯ ನಿಪ್ಪಲ್ ಬಾಯಿಗೆ ಸಿಕ್ಕ ಕೂಡಲೇ ಅವನ ಎರಡೂ ಕಿವಿ ಅಲ್ಲಾಡುತ್ತಿದ್ದವು. ಬರೆದಿಡದಿದ್ದರೆ ಅದೂ ಹೋಗಿಬಿಡುತ್ತಿತ್ತು.

ಕೊನೆಯ ಕಾಲಂ, ‘ಯಾರ ಮನೆಗೆ ಹೋಯಿತು?’ ಸತ್ತವುಗಳ ಮುಂದೆ ಅದನ್ನು ಖಾಲಿ ಬಿಡುತ್ತಿದ್ದೆ. ಒಂದು ಸಲ ಅವ್ವ ಚಸ್ಮಾ ಹಾಕಿಕೊಂಡು ನೋಟ್‌ಬುಕ್ ತಿರುವಿ ಹಾಕುತ್ತಿದ್ದಳು.

“ಇದ್ಯಾಕ ಖಾಲಿ ಬಿಟ್ಟಿ?”

“ಎಲ್ಲಿಗೂ ಹೋಗಲಿಲ್ಲಲ್ಲಬೇ ಅದು.”

“ಇಲ್ಲೇ ಇತ್ತಲ್ಲ. ನಮ್ಮನಿ ಅಂತ ಬರಿ.”

ಅವತ್ತೇ ಕೂತು ಎಲ್ಲ ಖಾಲಿ ಜಾಗದಲ್ಲೂ ‘ನಮ್ಮನಿ’ ಅಂತ ತುಂಬಿದೆ. ಹೆಸರಿಲ್ಲದ ಆ ಮೊದಲ ಮರಿಗೂ ಒಂದು ಪುಟ ಮಾಡಿದೆ. ಅದರಲ್ಲಿ ಮಾರ್ಕೆಟ್ಟು, ಮೂರು ದಿನ, ನಮ್ಮನಿ. ಇಷ್ಟೇ ಇದೆ.

ಕೌದಿ ಅನ್ನುವ ಮರಿಯ ವಿಷಯ ಸ್ವಲ್ಪ ಉದ್ದವಾಗಿ ಹೇಳಬೇಕು.

ಅವಳನ್ನು ತಂದವನು ಒಬ್ಬ ಹುಡುಗ, ಐದನೇ ಕ್ಲಾಸು. ಗೋಳಗುಮ್ಮಟದ ಹಿಂದಿನ ಓಣಿಯ ಗಟಾರದಲ್ಲಿ ಸಿಕ್ಕಳಂತೆ. ಸ್ಕೂಲ್ ಬ್ಯಾಗಿನಿಂದ ಪುಸ್ತಕ ಎಲ್ಲ ತೆಗೆದು ಕೈಯಲ್ಲಿ ಹಿಡಿದುಕೊಂಡು, ಅವಳನ್ನು ಬ್ಯಾಗಿನಲ್ಲಿ ಹಾಕಿಕೊಂಡು ಬಂದಿದ್ದ. ಬಿಳಿ, ಕಪ್ಪು, ಕೇಸರಿ ಮೂರೂ ಬಣ್ಣ, ಹಳೆಯ ಬಟ್ಟೆ ತುಂಡು ಜೋಡಿಸಿ ಅವ್ವ ಹೊಲಿಯುವ ಕೌದಿಯ ಹಾಗೇ. ಮೂರು ಬಣ್ಣದ್ದು ಅಂದರೆ ಹೆಚ್ಚುಕಡಿಮೆ ಹೆಣ್ಣೇ ಅಂತ ಡಾಕ್ಟರು ಹೇಳಿದರು. ಆ ಬಣ್ಣದ ಗುಣ ಎಕ್ಸ್ ಕ್ರೋಮೋಸೋಮಿನಲ್ಲಿ ಇರುತ್ತದಂತೆ, ಕಪ್ಪು ಮತ್ತು ಕೇಸರಿ ಎರಡೂ ಬರಬೇಕಾದರೆ ಎರಡು ಎಕ್ಸ್ ಬೇಕು.

ಏಳು ವಾರದ ಮರಿ. ಜಲನಗರದ ಒಂದು ಮನೆಯವರು ಬಂದು ನೋಡಿ, ಇವಳೇ ಬೇಕು ಅಂದು ಹೋಗಿದ್ದರು. ಮೊದಲ ಲಸಿಕೆ ಇನ್ನೂ ಆಗಿರಲಿಲ್ಲ. ಆ ಹೊತ್ತಿಗೆ ಇನ್ನೊಂದು ಮರಿ ಬಂತು. ಹೊಸದನ್ನು ಎರಡು ವಾರ ಬೇರೆ ಕೋಣೆಯಲ್ಲಿ ಇಡಬೇಕು ಅಂತ ನನಗೆ ಗೊತ್ತಿತ್ತು. ಆದರೆ ಅದು ಒಂದೇ ಸಮನೆ ಕೂಗುತ್ತಿತ್ತು. ಎರಡನೇ ದಿನವೇ ಕೌದಿಯ ಜೊತೆ ಬಿಟ್ಟೆ. ಇಬ್ಬರೂ ಅಪ್ಪಿಕೊಂಡು ಮಲಗಿದರು. ಎಷ್ಟು ಚೆಂದ ಕಂಡಿತ್ತು ಅಂದರೆ ಫೋಟೋ ತೆಗೆದು ಎಲ್ಲರಿಗೂ ಕಳಿಸಿದ್ದೆ.

ಐದು ದಿನದ ಮೇಲೆ ಬೆಳಿಗ್ಗೆ ಕೌದಿ ನೀರಿನ ಬಟ್ಟಲ ಮುಂದೆ ಕೂತಿದ್ದಳು. ಗದ್ದ ಬಟ್ಟಲಿನ ಅಂಚಿಗೆ ತಾಗಿತ್ತು. ನೀರು ಮೂಗಿನ ಹತ್ತಿರವೇ ಇದೆ, ಆದರೆ ನಾಲಿಗೆ ಹೊರಗೆ ಬರುತ್ತಿಲ್ಲ. ಸುಮ್ಮನೆ ನೀರನ್ನೇ ನೋಡುತ್ತಿದ್ದಳು. ಬೆರಳಲ್ಲಿ ನೀರು ಅದ್ದಿ ತುಟಿಗೆ ಹಚ್ಚಿದೆ, ಅದು ಅಲ್ಲೇ ನಿಂತಿತು. ಹಾಗೆ ಕೂತ ಮರಿಯನ್ನು ಒಮ್ಮೆ ನೋಡಿದರೆ ಜನ್ಮದಲ್ಲಿ ಮರೆಯಲು ಆಗುವುದಿಲ್ಲ. ಪ್ಯಾನ್‌ಲ್ಯುಕೋಪೀನಿಯಾ, ಬೆಕ್ಕಿನ ಪಾರ್ವೊ ಅಂತಾರಲ್ಲ, ಅದು. ಬಿಳಿ ರಕ್ತಕಣ ಕುಸಿದುಬಿಡುತ್ತವೆ, ಕರುಳು ಹಾಳಾಗುತ್ತದೆ. ಲಸಿಕೆ ಆಗದ ಮರಿಗಳು ಉಳಿಯುವುದು ಕಷ್ಟ. ಎರಡು ದಿನ ಸಲೈನ್ ಹಾಕಿದೆವು. ಮೂರನೇ ರಾತ್ರಿ ಎರಡು ಗಂಟೆಗೆ ನನ್ನ ತೊಡೆಯ ಮೇಲೆ ಹೋದಳು. ಹೊಸ ಮರಿಯೂ ಮರುದಿನ ಹೋಯಿತು. ಅದರ ಹೆಸರು ಅಗಸಿ.

ನೋಟ್‌ಬುಕ್ಕಿನಲ್ಲಿ ಕಾರಣವನ್ನೂ ಬರೆಯುತ್ತೇನೆ. ಕೌದಿಯ ಪುಟದಲ್ಲಿ ‘ಬೇಗ ಜೊತೆಗೆ ಬಿಟ್ಟೆ, ನನ್ನ ತಪ್ಪು’ ಅಂತಲೇ ಇದೆ. ‘ದೇವರ ಇಚ್ಛೆ’ ಅಂತ ಬರೆದು ಬಿಡಬಹುದಿತ್ತು, ಮನಸ್ಸು ಬರಲಿಲ್ಲ. ಆ ಪುಟ ಇದೆ ಅಂತಲೇ ಈಗ ಯಾವ ಮರಿ ಎಷ್ಟು ಕೂಗಿದರೂ 14 ದಿನ ಬಾಗಿಲು ತೆಗೆಯುವುದಿಲ್ಲ. ಲಸಿಕೆಯನ್ನು ಆರರಿಂದ ಎಂಟು ವಾರದೊಳಗೆ ಶುರು ಮಾಡಬಹುದು. ನಾನು ಈಗ ಆರು ತುಂಬಿದ ದಿನವೇ ಹಾಕಿಸುತ್ತೇನೆ. ಆಮೇಲೆ ಮೂರು ನಾಲ್ಕು ವಾರಕ್ಕೊಮ್ಮೆ, 16 ವಾರ ಆಗುವತನಕ.

ಆ ರೋಗದ ಇನ್ನೊಂದು ಕ್ರೂರತನ ಏನಂದರೆ, ಸತ್ತ ಮರಿಯ ಒಂದು ವಸ್ತುವನ್ನೂ ಇಟ್ಟುಕೊಳ್ಳಲು ಬಿಡುವುದಿಲ್ಲ. ಆ ವೈರಸ್ ಮನೆಯೊಳಗೆ ಒಂದು ವರ್ಷ ಬದುಕಬಲ್ಲದು. ಸೋಪಿಗೆ, ಫಿನೈಲಿಗೆ ಬಗ್ಗುವುದಿಲ್ಲ, ಬ್ಲೀಚೇ ಬೇಕು. ನೆಲ, ಬಟ್ಟಲು ಬ್ಲೀಚಿನಲ್ಲಿ ತೊಳೆದೆ. ಅವಳು ಆಡುತ್ತಿದ್ದ ಉಣ್ಣೆ ಉಂಡೆ, ರಟ್ಟಿನ ಡಬ್ಬಿ, ಹಾಸಿಗೆಗೆ ಹಾಕಿದ್ದ ಸೀರೆ ತುಂಡು, ಎಲ್ಲ ಹಿತ್ತಲಲ್ಲಿ ಸುಟ್ಟೆ. ಅವ್ವನ ಹಳೆಯ ಇಳಕಲ್ ಸೀರೆ ಅದು. ಹಾಸಿಗೆಗೆ ಅಂತ ಅರ್ಧ ಹರಿದು ಕೊಟ್ಟಿದ್ದಳು.

ಹೂಳುವುದು ಸೋದರಮಾವನ ಹೊಲದ ಬದುವಿನಲ್ಲಿ, ಬೇವಿನ ಗಿಡದ ಕೆಳಗೆ. ಬಾವಿಯಿಂದ ದೂರ. ಮೂರು ಅಡಿ ಆಳ, ಮೇಲೆ ಕಲ್ಲು, ಇಲ್ಲದಿದ್ದರೆ ನಾಯಿ ಕೆದರುತ್ತವೆ. ಬೇಸಿಗೆಯಲ್ಲಿ ನಮ್ಮ ಎರೆ ಮಣ್ಣು ಬಿರುಕು ಬಿಟ್ಟು ಕಲ್ಲಾಗಿರುತ್ತದೆ. ಅವತ್ತು ಮಾವ ಹಾರೆ ಹಿಡಿದು ಒಂದು ತಾಸು ಅಗೆದರು, ಒಂದು ಮಾತೂ ಆಡಲಿಲ್ಲ. ಮುಗಿದಮೇಲೆ “ಹೆಸರೇನಿತ್ತವ್ವಾ?” ಅಂತ ಕೇಳಿದರು. ಅವರು ಕೇಳಿದ್ದಕ್ಕೆ ನನಗೆ ಎಷ್ಟು ಸಮಾಧಾನ ಆಯಿತು ಅಂದರೆ ಹೇಳಲಾರೆ. ದಾರಿಯಲ್ಲಿ ಒಬ್ಬರು “ಬೆಕ್ಕಿಗ್ಯಾಕ ಇಷ್ಟ ಅಳ್ತಿ ತಂಗಿ, ಓಣ್ಯಾಗ ಬೇಕಾದಷ್ಟ ಅದಾವ” ಅಂದಿದ್ದರು. ಓಣಿಯಲ್ಲಿ ಬೆಕ್ಕು ಬೇಕಾದಷ್ಟು ಇವೆ, ನಿಜ. ಕೌದಿ ಇರಲಿಲ್ಲ.

ತಂದುಕೊಟ್ಟವರಿಗೆ ತಿಳಿಸುವುದು ಎಲ್ಲಕ್ಕಿಂತ ಕಷ್ಟ. ಮೊದಮೊದಲು ತಪ್ಪಿಸಿಕೊಳ್ಳುತ್ತಿದ್ದೆ. ಈಗ ಅದೇ ದಿನ ಹೇಳುತ್ತೇನೆ. ಜಲನಗರದವರಿಗೆ ಫೋನ್ ಮಾಡಿದೆ, ಆ ಕಡೆ ಬಹಳ ಹೊತ್ತು ಮಾತಿರಲಿಲ್ಲ. ಹುಡುಗನ ಮನೆಗೆ ನಾನೇ ಹೋದೆ. ಬಾಗಿಲಲ್ಲೇ “ಅಕ್ಕಾರ, ನನ್ನ ಬೆಕ್ಕ ಹ್ಯಾಂಗ ಐತ್ರಿ?” ಅಂದ. ದೊಡ್ಡ ಊರಿಗೆ ಕೊಟ್ಟೆ ಅಂತ ಸುಳ್ಳು ಹೇಳು ಅಂತ ಅವನ ತಾಯಿ ಕಣ್ಸನ್ನೆ ಮಾಡಿದರು. ನನ್ನಿಂದ ಆಗಲಿಲ್ಲ. ಸತ್ತಳಪ್ಪಾ ಅಂದೆ. ನಿನ್ನಿಂದ ಅವಳಿಗೆ ಇಪ್ಪತ್ತೆರಡು ದಿನ ಸಿಕ್ಕವು ಅಂತ ನೋಟ್‌ಬುಕ್ ತೆಗೆದು ಆ ಇಪ್ಪತ್ತೆರಡು ಸಾಲನ್ನೂ ಓದಿದೆ. ‘ಪರದೆ ಹತ್ತಿ ಇಳಿಯಲು ಬರದೆ ಕೂಗಿದಳು’ ಅನ್ನುವಲ್ಲಿ ಅಳುತ್ತಲೇ ನಕ್ಕ.

ಆ ಮಳೆಗಾಲ ಅವ್ವ ಹೊಸ ಕೌದಿ ಹೊಲಿಯಲು ಕೂತಳು. ಟ್ರಂಕಿನಿಂದ ಇಳಕಲ್ ಸೀರೆಯ ಉಳಿದ ಅರ್ಧ ತೆಗೆದಳು. ಅದು ಮರಿಗಳ ಕೋಣೆಗೆ ಬಂದೇ ಇರಲಿಲ್ಲ, ರೋಗದ ಭಯ ಇಲ್ಲ. ಅಂಗೈ ಅಗಲ ಕತ್ತರಿಸಿ, “ಇದು ಆಕಿದು” ಅಂದಳು. ಆಮೇಲೆ ಉಳಿದವಕ್ಕೂ ಒಂದೊಂದು ತುಂಡು ಹುಡುಕಿದೆವು. ಗುರೆಳ್ಳಿಗೆ ಅಪ್ಪನ ಕೊಡೆಯ ಕರಿ ಬಟ್ಟೆ. ಕುಸುಬಿಗೆ ನನ್ನ ಹಳೆಯ ಕೇಸರಿ ದುಪಟ್ಟಾ. ಹೆಸರಿಲ್ಲದ ಮರಿಗೆ ಯಾವ ಬಣ್ಣ ಅಂತ ಗೊತ್ತಾಗಲಿಲ್ಲ, ಬಿಳಿ ಪಂಜೆಯ ತುಂಡು ಹಾಕಿದೆವು. ಮಹಾನವಮಿ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಟ್ಟಮೇಲೆ ಆ ಕೌದಿ ಹಾಸಿ, ಒಂದೊಂದು ತುಂಡು ಮುಟ್ಟಿ ಹೆಸರು ಹೇಳುತ್ತೇವೆ. ಸಂಜೆ ಓಣಿಯ ಬೆಕ್ಕುಗಳಿಗೆ ಊಟ.

ಹೋದ ವರ್ಷ ಆ ಹುಡುಗ ಬಂದಿದ್ದ. ಈಗ ಎಂಟನೇ ಕ್ಲಾಸು, ನನ್ನಷ್ಟೇ ಎತ್ತರ ಆಗಿದ್ದಾನೆ. ಕೌದಿಯ ಮೇಲೆ ಮೊಣಕಾಲೂರಿ ಕೂತು ಬಹಳ ಹೊತ್ತು ಹುಡುಕಿದ. ಕೊನೆಗೆ ಕೇಸರಿ ತುಂಡಿನ ಮೇಲೆ ಕೈ ಇಟ್ಟು ನನ್ನ ಮುಖ ನೋಡಿದ.

“ಅದು ಕುಸುಬಿದಪ್ಪಾ,” ಅಂದಳು ಅವ್ವ. ಅವನ ಕೈ ಹಿಡಿದು ಎರಡು ಸಾಲು ಕೆಳಗೆ, ಇಳಕಲ್ ದಡಿಯ ಹತ್ತಿರ ತಂದಿಟ್ಟಳು. “ನಿನ್ನ ಕೌದಿ ಇಲ್ಲಿ ಅದಾಳ ನೋಡು.”